ರೂಪಾಯಿ ಯಾರಿಗಾಗಿ ಗಟ್ಟಿಯಾಗಿರಬೇಕು?

1930ರ ಜನವರಿ ಕೊನೆಯಲ್ಲಿ ಗಾಂಧೀಜಿ ವೈಸರಾಯ್ ಇರ್ವಿನ್ ಮುಂದೆ ಹನ್ನೊಂದು ಬೇಡಿಕೆ ಇಟ್ಟರು. ಉಪ್ಪಿನ ಕರ ತೆಗೆಯಿರಿ, ಭೂಕಂದಾಯ ಅರ್ಧಕ್ಕಿಳಿಸಿ, ಪಾನನಿಷೇಧ ತನ್ನಿ ಎಂಬವನ್ನು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಅದೇ ಪಟ್ಟಿಯ ಇನ್ನೊಂದು ಬೇಡಿಕೆಯನ್ನು ಯಾರೂ ಹೆಚ್ಚು ನೆನೆಯುವುದಿಲ್ಲ. ಒಂದು ಶಿಲಿಂಗ್ ಆರು ಪೆನ್ಸ್ (ಶಿಲಿಂಗಿಗೆ 12 ಪೆನ್ಸಿನಂತೆ 18 ಪೆನ್ಸ್) ಇದ್ದ ರೂಪಾಯಿಯ ಬೆಲೆಯನ್ನು ಒಂದು ಶಿಲಿಂಗ್ ನಾಲ್ಕು ಪೆನ್ಸಿಗೆ, ಅಂದರೆ 16 ಪೆನ್ಸಿಗೆ, ಇಳಿಸಿ ಎಂಬುದು ಅದು. ಸ್ವಾತಂತ್ರ್ಯ ಚಳವಳಿ ಕೇಳಿದ್ದು ಅಗ್ಗದ ರೂಪಾಯಿಯನ್ನು. ಗಟ್ಟಿ ರೂಪಾಯಿಯನ್ನು ಬಿಡದೆ ಹಿಡಿದುಕೊಂಡಿದ್ದವರು ಬ್ರಿಟಿಷರು.

ಇವತ್ತು ನಮ್ಮ ಮಾತಿನ ಧಾಟಿ ಪೂರಾ ತಿರುಗಿದೆ. ಡಾಲರ್ 80 ದಾಟಿದಾಗ, ಮತ್ತೆ 2025ರ ಡಿಸೆಂಬರಿನಲ್ಲಿ 90 ದಾಟಿದಾಗ, ದೇಶದ ಮಾನವೇ ಹೋಯಿತೆಂಬ ಸಂಕಟ ಮಾಟುಂಗದಿಂದ ಡೊಂಬಿವಲಿಯವರೆಗೆ ನಮ್ಮ ಮುಂಬೈ ಕನ್ನಡಿಗರ ಮಾತಿನಲ್ಲೂ ಕೇಳಿಬರುತ್ತದೆ. ಜೊತೆಗೆ ಮೊಬೈಲಿಗೆ ತಪ್ಪದೆ ಬರುವ ಸಂದೇಶ ಒಂದಿದೆ: 1947ರಲ್ಲಿ ಒಂದು ಡಾಲರಿಗೆ ಒಂದೇ ರೂಪಾಯಿ ಇತ್ತಂತೆ. ಇದು ಸುಳ್ಳು, ಸುಳ್ಳೆಂದು ಕಾಣಲು ಎರಡು ಭಾಗಾಕಾರ ಸಾಕು. ಆಗ ರೂಪಾಯಿಯನ್ನು ಕಟ್ಟಿಹಾಕಿದ್ದು ಡಾಲರಿಗಲ್ಲ, ಪೌಂಡಿಗೆ. ಒಂದು ರೂಪಾಯಿಗೆ 18 ಪೆನ್ಸ್, ಒಂದು ಪೌಂಡಿಗೆ 240 ಪೆನ್ಸ್. ಹಾಗಾಗಿ ಒಂದು ಪೌಂಡಿಗೆ 13 ರೂಪಾಯಿ 5 ಆಣೆ 4 ಪೈ, ಈಗಿನ ಲೆಕ್ಕದಲ್ಲಿ 13.33. ಅದೇ ಪೌಂಡಿಗೆ ಆಗ 4.03 ಡಾಲರ್ ಸಿಗುತ್ತಿತ್ತು. ಭಾಗಿಸಿ ನೋಡಿ, ಡಾಲರಿಗೆ 3.31 ರೂಪಾಯಿ ಬರುತ್ತದೆ.

3.31ರಿಂದ 90ಕ್ಕೆ ಬಂದದ್ದಂತೂ ನಿಜ. ಆ ದಾರಿಯನ್ನು ಸೋಲಿನ ಕತೆಯಾಗಿ ಓದುವುದು ಮಾತ್ರ ತಪ್ಪೆಂದು ನನ್ನ ಗಟ್ಟಿ ನಂಬಿಕೆ. ವಿನಿಮಯ ದರವೂ ಒಂದು ಬೆಲೆಯೇ. ಯಾವ ಬೆಲೆ ಏರಿದರೂ ಇಳಿದರೂ ಮಾರುವವನಿಗೊಂದು ಫಲ, ಕೊಳ್ಳುವವನಿಗೊಂದು ಫಲ. ರೂಪಾಯಿ ಎಷ್ಟು ಗಟ್ಟಿ ಎಂದು ಕೇಳುವ ಮೊದಲು ಯಾರಿಗಾಗಿ ಗಟ್ಟಿ ಎಂದು ಕೇಳಬೇಕು. ಕಳೆದ ನೂರೈವತ್ತು ವರ್ಷಗಳಲ್ಲಿ ಈ ಪ್ರಶ್ನೆಯ ಮೇಲೆ ನಡೆದ ಜಗಳಗಳಲ್ಲಿ ಹೆಚ್ಚಿನವು ಇದೇ ಮುಂಬೈಯಲ್ಲಿ ನಡೆದವು.

ಮುಂದೆ ಹೋಗುವ ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ಸರ್ಕಾರವೇ ಒಂದು ದರ ನಿಗದಿ ಮಾಡಿ, ಮುಂದೊಂದು ದಿನ ಆಜ್ಞೆ ಹೊರಡಿಸಿ ಅದನ್ನು ಇಳಿಸಿದರೆ ಅದು ಅಪಮೌಲ್ಯ. ಪೇಟೆಯಲ್ಲಿ ಡಾಲರಿನ ಬೇಡಿಕೆ ಹೆಚ್ಚಿ ರೂಪಾಯಿ ತಾನಾಗಿ ಇಳಿದರೆ ಅದು ಕುಸಿತ. 1946, 1978 ಮತ್ತು 2016ರಲ್ಲಿ ದೊಡ್ಡ ನೋಟುಗಳನ್ನು ರದ್ದು ಮಾಡಿದ್ದು ಬೇರೆಯೇ ಸಂಗತಿ, ಅದಕ್ಕೂ ವಿನಿಮಯ ದರಕ್ಕೂ ನೇರ ನಂಟಿಲ್ಲ. ಸಂತೆಯಲ್ಲಿ ತರಕಾರಿ ತುಟ್ಟಿಯಾಗುವುದು ಹಣದುಬ್ಬರ. ಅದು ಮಾತ್ರ ದರಕ್ಕೆ ಹತ್ತಿರದ ನೆಂಟ, ಅದರ ವಿಚಾರ ಮುಂದೆ ಬರುತ್ತದೆ.

ಬೆಳ್ಳಿಯ ಕಾಲ

ಕೋಟೆ ಪ್ರದೇಶದಲ್ಲಿ, ಹಾರ್ನಿಮನ್ ಸರ್ಕಲ್ಲಿನಿಂದ ಸ್ವಲ್ಪ ನಡೆದರೆ ಮುಂಬೈಯ ಹಳೆಯ ಟಂಕಸಾಲೆ ಇದೆ. ಅದರ ಎದುರಿಗೇ ರಿಸರ್ವ್ ಬ್ಯಾಂಕಿನ ಎತ್ತರದ ಕಟ್ಟಡ. ರೂಪಾಯಿಯ ಎರಡು ಯುಗಗಳು ಒಂದೇ ರಸ್ತೆಯ ಆಚೆ ಈಚೆ ನಿಂತಿವೆ.

ಶೇರ್ ಷಾ ಸೂರಿ 1540ರ ದಶಕದಲ್ಲಿ ಹೊರಡಿಸಿದ ರೂಪಾಯಿ 178 ಗ್ರೇನ್ ತೂಕದ ಬೆಳ್ಳಿ ನಾಣ್ಯ. ಈಸ್ಟ್ ಇಂಡಿಯಾ ಕಂಪನಿ 1835ರಲ್ಲಿ ತನ್ನ ಆಳ್ವಿಕೆಗೆಲ್ಲ ಒಂದೇ ರೂಪಾಯಿ ತಂದಾಗ ಅದರ ತೂಕ 180 ಗ್ರೇನ್, ಅಂದರೆ 11.66 ಗ್ರಾಂ. ಅದರಲ್ಲಿ ಶುದ್ಧ ಬೆಳ್ಳಿ 10.69 ಗ್ರಾಂ. ಯಾರು ಬೇಕಾದರೂ ಟಂಕಸಾಲೆಗೆ ಬೆಳ್ಳಿ ಕೊಟ್ಟು, ಅಚ್ಚಿನ ಕೂಲಿ ಕಳೆದು, ರೂಪಾಯಿ ಪಡೆಯಬಹುದಿತ್ತು. ಹೀಗಾಗಿ ಬೆಳ್ಳಿಯ ಬೆಲೆಯೇ ರೂಪಾಯಿಯ ಬೆಲೆ. 1876ರಿಂದ 78ರ ಭೀಕರ ಬರದಲ್ಲಿ ಮುಂಬೈ ಪ್ರಾಂತದ ರೈತರ ಮನೆಗಳಿಂದ ಬೆಳ್ಳಿ ಒಡವೆಗಳು ರಾಶಿ ರಾಶಿಯಾಗಿ ಈ ಟಂಕಸಾಲೆಗೆ ಬಂದು ಕರಗಿದವು. ವಿಜಾಪುರ, ಧಾರವಾಡ, ಬೆಳಗಾವಿ ಆಗ ಇದೇ ಪ್ರಾಂತಕ್ಕೆ ಸೇರಿದ್ದವು. ನಮ್ಮ ಹೆಣ್ಣುಮಕ್ಕಳ ಕಡಗ, ಡಾಬು, ಕಾಲುಂಗುರಗಳು ಕಾಳಿಗಾಗಿ ನಾಣ್ಯವಾದ ಕಾಲ ಅದು.

ಹೊತ್ತಿಗೊದಗುವ ಈ ಉಳಿತಾಯದ ಬುಡಕ್ಕೇ ಪೆಟ್ಟು ಬಿದ್ದದ್ದು ಹೊರಗಿನಿಂದ. 1870ರ ದಶಕದಲ್ಲಿ ಜರ್ಮನಿ ಬೆಳ್ಳಿ ಬಿಟ್ಟು ಚಿನ್ನದ ನಾಣ್ಯಕ್ಕೆ ಹೋಯಿತು, ಬೇರೆ ದೇಶಗಳೂ ಹಿಂಬಾಲಿಸಿದವು. ಅತ್ತ ಅಮೆರಿಕದ ಪಶ್ಚಿಮದಲ್ಲಿ ಹೊಸ ಬೆಳ್ಳಿ ಗಣಿಗಳು ತೆರೆದವು. ಮಾರುವವರು ಹೆಚ್ಚಿ ಕೊಳ್ಳುವವರು ಕಡಿಮೆಯಾದರು. ಪೌಂಡು ಚಿನ್ನದ್ದು, ರೂಪಾಯಿ ಬೆಳ್ಳಿಯದು. ಸುಮಾರು 24 ಪೆನ್ಸ್ ಬಾಳುತ್ತಿದ್ದ ರೂಪಾಯಿ 1893ರ ಹೊತ್ತಿಗೆ 15 ಪೆನ್ಸಿನ ಆಸುಪಾಸಿಗೆ ಇಳಿಯಿತು. ಯಾರ ಆಜ್ಞೆಯೂ ಇಲ್ಲದೆ ಆದ ಇಳಿತ ಇದು.

ನೋವಾದದ್ದು ಯಾರಿಗೆ? ಮೊದಲು ಬ್ರಿಟಿಷ್ ಸರ್ಕಾರಕ್ಕೆ. ನಿವೃತ್ತ ಅಧಿಕಾರಿಗಳ ಪಿಂಚಣಿ, ರೈಲ್ವೆ ಸಾಲದ ಬಡ್ಡಿ, ಲಂಡನ್ ಕಚೇರಿಯ ಖರ್ಚು ಎಲ್ಲವನ್ನೂ ಅದು ಪ್ರತಿ ವರ್ಷ ಪೌಂಡಿನಲ್ಲಿ ಕಟ್ಟಬೇಕಿತ್ತು, ವಸೂಲಿ ಮಾಡುತ್ತಿದ್ದುದು ರೂಪಾಯಿಯಲ್ಲಿ. ಇಲ್ಲಿಂದ ಊರಿಗೆ ಸಂಬಳ ಕಳಿಸುವ ಇಂಗ್ಲಿಷ್ ನೌಕರರಿಗೂ ನಷ್ಟ. ಲಾಭವಾದದ್ದು ಚೀನಾಕ್ಕೆ ನೂಲು ಕಳಿಸುತ್ತಿದ್ದ ಮುಂಬೈ ಗಿರಣಿಗಳಿಗೆ, ಹತ್ತಿ ರಫ್ತು ಮಾಡುವವರಿಗೆ. ಧಾರವಾಡ ಸೀಮೆಯ ಹತ್ತಿ ಕುಮಟಾ ಬಂದರಿನಿಂದ ಹಡಗೇರಿ ಮುಂಬೈಗೆ ಬಂದು ಇಲ್ಲಿಂದ ವಿದೇಶಕ್ಕೆ ಹೋಗುತ್ತಿತ್ತು. ಕುಮಟಾ ಎಂಬುದೇ ಪೇಟೆಯಲ್ಲಿ ಒಂದು ಬಗೆಯ ಹತ್ತಿಯ ಹೆಸರಾಗಿತ್ತು.

1893ರ ಜೂನಿನಲ್ಲಿ ಸರ್ಕಾರ ಟಂಕಸಾಲೆಯ ಬಾಗಿಲನ್ನು ಜನರ ಬೆಳ್ಳಿಗೆ ಮುಚ್ಚಿತು. ಹೊಸ ನಾಣ್ಯ ಬರುವುದು ನಿಂತರೆ ಇರುವ ನಾಣ್ಯಕ್ಕೆ ಬೆಲೆ ಬರುತ್ತದೆ ಎಂಬುದು ಲೆಕ್ಕಾಚಾರ. ಕೆಲವೇ ವರ್ಷಗಳಲ್ಲಿ ರೂಪಾಯಿ 16 ಪೆನ್ಸಿಗೆ ಏರಿ ನಿಂತಿತು, ಒಂದು ಪೌಂಡಿಗೆ ಸರಿಯಾಗಿ 15 ರೂಪಾಯಿ. ಒಳಗಿನ ಬೆಳ್ಳಿಗಿಂತ ನಾಣ್ಯದ ಬೆಲೆ ಹೆಚ್ಚಾಯಿತು. ಇದರ ಭಾರ ಬಿದ್ದದ್ದು ಹಳ್ಳಿಗಳ ಮೇಲೆ. ಪೆಟ್ಟಿಗೆಯ ಒಡವೆಯನ್ನು ತೂಕಕ್ಕೆ ತೂಕ ರೂಪಾಯಿ ಮಾಡಿಕೊಳ್ಳುವ ದಾರಿ ಮುಚ್ಚಿತು, ಬೆಳ್ಳಿಯ ಬೆಲೆ ಮತ್ತೂ ಇಳಿಯಿತು. ರೂಪಾಯಿ ಗಟ್ಟಿಯಾದದ್ದಕ್ಕೆ ರೈತನ ಉಳಿತಾಯ ಸೊರಗಿತು ಎಂಬುದನ್ನು ಗಟ್ಟಿ ರೂಪಾಯಿಯ ಕನಸು ಕಾಣುವವರು ಮರೆಯಬಾರದು.

ಹದಿನಾರೋ ಹದಿನೆಂಟೋ

ಮೊದಲ ಮಹಾಯುದ್ಧದಲ್ಲಿ ಈ ವ್ಯವಸ್ಥೆ ಅಲ್ಲಾಡಿತು. ಕೊನೆಗೆ 1925ರಲ್ಲಿ ಭಾರತದ ನಾಣ್ಯ ವ್ಯವಸ್ಥೆಯನ್ನು ಪರಿಶೀಲಿಸಲು ಹಿಲ್ಟನ್ ಯಂಗ್ ಆಯೋಗ ನೇಮಕವಾಯಿತು, ಅದರ ಶಿಫಾರಸಿನಂತೆ 1927ರಲ್ಲಿ ರೂಪಾಯಿಯ ಬೆಲೆ 18 ಪೆನ್ಸ್ ಎಂದು ಕಾನೂನಾಯಿತು. ಆಯೋಗದೊಳಗೇ ಕುಳಿತು ಇದನ್ನು ಒಪ್ಪದೆ ಭಿನ್ನಮತ ಬರೆದವರು ಮುಂಬೈಯ ಹತ್ತಿ ವ್ಯಾಪಾರಿ ಸರ್ ಪುರುಷೋತ್ತಮದಾಸ್ ಠಾಕೂರ್‌ದಾಸ್. 16 ಪೆನ್ಸೇ ಸಾಕೆಂಬುದು ಅವರ ವಾದ.

ಎರಡು ಪೆನ್ಸಿಗೆ ಇಷ್ಟೊಂದು ಹೋರಾಟವೇಕೆ ಎನಿಸಬಹುದು. ಹುಬ್ಬಳ್ಳಿ ಸುತ್ತಿನ ಹತ್ತಿ ಇಂಗ್ಲೆಂಡಿನಲ್ಲಿ ನೂರು ಪೌಂಡಿಗೆ ಮಾರಾಟವಾಯಿತು ಎಂದಿಟ್ಟುಕೊಳ್ಳಿ. 16 ಪೆನ್ಸಿನ ದರದಲ್ಲಿ ಆ ನೂರು ಪೌಂಡಿಗೆ ಬರುವುದು 1,500 ರೂಪಾಯಿ. 18 ಪೆನ್ಸಿನಲ್ಲಿ 1,333. ಅದೇ ಬೆಳೆ, ಅದೇ ದುಡಿಮೆ, ಕೈಗೆ 167 ರೂಪಾಯಿ ಕಡಿಮೆ. ಆದರೆ ಸರ್ಕಾರಕ್ಕೆ ಕಟ್ಟುವ ಕಂದಾಯ ರೂಪಾಯಿಯಲ್ಲೇ ನಿಗದಿಯಾಗಿತ್ತು, ಸಾಹುಕಾರನ ಸಾಲವೂ ರೂಪಾಯಿಯದೇ. ಅವೆರಡೂ ಒಂದಾಣೆ ಇಳಿಯಲಿಲ್ಲ. ಇತ್ತ ಇಂಗ್ಲೆಂಡಿನ ಲಂಕಾಶೈರಿನ ಬಟ್ಟೆ ಇಲ್ಲಿ ಅಗ್ಗವಾಯಿತು, ಪರೇಲ್ ಲಾಲ್‌ಬಾಗಿನ ಗಿರಣಿಗಳು ಅದರ ಜೊತೆ ಪೈಪೋಟಿ ನಡೆಸಬೇಕಾಯಿತು. ಗಾಂಧೀಜಿಯ ಪಟ್ಟಿಯಲ್ಲಿ ಕಂದಾಯ ಮತ್ತು ವಿನಿಮಯ ದರ ಒಟ್ಟಿಗೆ ಬಂದದ್ದೇಕೆ ಎಂದು ಈಗ ತಿಳಿಯುತ್ತದೆ.

ಆದರೆ ಈ ವಾದಕ್ಕೂ ಒಂದು ಮಗ್ಗುಲು ಇತ್ತು, ಅದನ್ನು ಎಲ್ಲರಿಗಿಂತ ಸ್ಪಷ್ಟವಾಗಿ ಕಂಡವರು ಡಾ. ಬಿ. ಆರ್. ಅಂಬೇಡ್ಕರ್. ಮುಂಬೈಯ ಸಿಡೆನ್‌ಹ್ಯಾಮ್ ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸಿದ್ದ ಅವರು ಲಂಡನ್ನಿನಲ್ಲಿ ಡಾಕ್ಟರೇಟ್ ಪಡೆದದ್ದು ರೂಪಾಯಿಯ ಸಮಸ್ಯೆಯ ಮೇಲೆಯೇ. ಆ ಪ್ರಬಂಧ 1923ರಲ್ಲಿ ಅಚ್ಚಾಯಿತು, 1925ರಲ್ಲಿ ಅವರು ಹಿಲ್ಟನ್ ಯಂಗ್ ಆಯೋಗದ ಮುಂದೆ ಸಾಕ್ಷ್ಯವನ್ನೂ ನುಡಿದರು. ದರ ಇಳಿದಾಗ ರಫ್ತುದಾರನಿಗೆ ಸಿಗುವ ಲಾಭ ಆಕಾಶದಿಂದ ಉದುರುವುದಿಲ್ಲ ಎಂಬುದು ಅವರ ವಿಚಾರದ ತಿರುಳು. ದರ ಇಳಿದರೆ ದೇಶದೊಳಗೆ ಬೆಲೆಗಳು ಏರುತ್ತವೆ, ಕೂಲಿ ಅಷ್ಟು ಬೇಗ ಏರುವುದಿಲ್ಲ. ಆ ನಡುವಿನ ಅಂತರವೇ ರಫ್ತುದಾರನ ಲಾಭ, ಅದು ಹೋದದ್ದು ಕೂಲಿಯವನ ತಟ್ಟೆಯಿಂದ.

ಈ ಮಾತು ನನಗೆ ಇಡೀ ಚರಿತ್ರೆಯ ಬೀಗದ ಕೈಯಂತೆ ಕಾಣುತ್ತದೆ. ಅಗ್ಗದ ರೂಪಾಯಿಯಿಂದ ಹತ್ತಿ ಬೆಳೆಗಾರ ಉಸಿರಾಡುತ್ತಾನೆ, ಗಿರಣಿ ಕಾರ್ಮಿಕ ತುಟ್ಟಿ ಜೋಳ ಕೊಳ್ಳುತ್ತಾನೆ. ಎರಡೂ ನಿಜ.

1931ರಲ್ಲಿ ಬ್ರಿಟನ್ ಚಿನ್ನದ ನಂಟು ಕಡಿದುಕೊಂಡಿತು, ರೂಪಾಯಿ ಪೌಂಡಿಗೆ 18 ಪೆನ್ಸಿನಲ್ಲೇ ಕಟ್ಟಿಬಿದ್ದಿತು. ಬೆಳೆಯ ಬೆಲೆ ನೆಲ ಕಚ್ಚಿದ್ದ ಆ ವರ್ಷಗಳಲ್ಲಿ ಹಳ್ಳಿಗಳ ಚಿನ್ನ ಮುಂಬೈ ಬಂದರಿನ ಮೂಲಕ ಲಂಡನ್ನಿಗೆ ಹರಿಯಿತು. 1935ರ ಏಪ್ರಿಲ್ 1ರಂದು ರಿಸರ್ವ್ ಬ್ಯಾಂಕ್ ಹುಟ್ಟಿತು. ಮೊದಲು ಕೋಲ್ಕತ್ತದಲ್ಲಿದ್ದ ಅದರ ಕೇಂದ್ರ ಕಚೇರಿ 1937ರಲ್ಲಿ ಕಾಯಂ ಆಗಿ ಮುಂಬೈಗೆ ಬಂತು.

ಪೌಂಡಿನ ಬಾಲ ಹಿಡಿದು

ಸ್ವತಂತ್ರ ಭಾರತದ ಮೊದಲ ಅಪಮೌಲ್ಯ 1949ರ ಸೆಪ್ಟೆಂಬರಿನದು. ಯುದ್ಧದಲ್ಲಿ ಸೊರಗಿದ್ದ ಬ್ರಿಟನ್ ಪೌಂಡನ್ನು 4.03 ಡಾಲರಿನಿಂದ 2.80ಕ್ಕೆ ಇಳಿಸಿತು. ನಮ್ಮ ವ್ಯಾಪಾರದ ಬಹುಪಾಲು ಪೌಂಡಿನ ವಲಯದಲ್ಲಿತ್ತು, ಲಂಡನ್ನಿನಲ್ಲಿದ್ದ ನಮ್ಮ ಉಳಿತಾಯವೂ ಪೌಂಡಿನದೇ. ರೂಪಾಯಿಯನ್ನೂ ಅಷ್ಟೇ ಇಳಿಸುವುದು ಬಿಟ್ಟು ಹೆಚ್ಚು ದಾರಿ ಇರಲಿಲ್ಲ. ಡಾಲರ್ 3.31ರಿಂದ 4.76 ರೂಪಾಯಿಗೆ ಏರಿತು. ಆಗ ರಿಸರ್ವ್ ಬ್ಯಾಂಕಿನ ಗವರ್ನರ್ ಆಗಿದ್ದವರು ಮಂಗಳೂರು ಮೂಲದ ಬೆನೆಗಲ್ ರಾಮರಾವ್. ಅದೇ ಜುಲೈಯಲ್ಲಷ್ಟೇ ಅಧಿಕಾರ ವಹಿಸಿಕೊಂಡಿದ್ದರು.

ಪಾಕಿಸ್ತಾನ ತನ್ನ ರೂಪಾಯಿಯನ್ನು ಇಳಿಸಲಿಲ್ಲ. ಅಲ್ಲಿಯ ನೂರು ರೂಪಾಯಿಗೆ ಇಲ್ಲಿಯ 144 ಕೇಳಿತು, ಭಾರತ ಒಪ್ಪಲಿಲ್ಲ. ಪೂರ್ವ ಬಂಗಾಳದ ಕಚ್ಚಾ ಸೆಣಬು, ಕೋಲ್ಕತ್ತದ ಸೆಣಬು ಗಿರಣಿ, ನಡುವೆ ಹೊಸ ಗಡಿ. ಎರಡು ವರ್ಷದ ಹಿಂದೆ ಒಂದೇ ಪೇಟೆಯಾಗಿದ್ದ ಜಾಗದಲ್ಲಿ ವ್ಯಾಪಾರವೇ ನಿಂತುಹೋಯಿತು.

1966: ಮುಚ್ಚಿಟ್ಟದ್ದು ಹೊರಬಿದ್ದಾಗ

4.76 ಎಂಬ ದರ 1949ರಿಂದ ಹದಿನಾರು ವರ್ಷಕ್ಕೂ ಹೆಚ್ಚು ಕಾಲ ಅಲ್ಲಾಡದೆ ನಿಂತಿತು. ಇದನ್ನು ಸ್ಥಿರತೆ ಎಂದು ಈಗಲೂ ಕೆಲವರು ಹೊಗಳುತ್ತಾರೆ. ನನಗೆ ಹಾಗೆ ಕಾಣುವುದಿಲ್ಲ. ಆ ಅವಧಿಯಲ್ಲಿ ದೇಶದೊಳಗೆ ಬೆಲೆಗಳು ಏರುತ್ತಲೇ ಇದ್ದವು. ಇಲ್ಲಿ ತಯಾರಾದ ಸರಕು ಹೊರಗಿನವರಿಗೆ ತುಟ್ಟಿಯಾಗುತ್ತ ಹೋಯಿತು, ಹೊರಗಿನ ಸರಕು ನಮಗೆ ಅಗ್ಗವಾಗಿ ಕಾಣತೊಡಗಿತು. ಡಾಲರಿಗೆ ಬೇಡಿಕೆ ಬೆಳೆಯಿತು, ಸರ್ಕಾರದ ಬಳಿ ಡಾಲರ್ ಇರಲಿಲ್ಲ. ಹಾಗಾಗಿ ಲೈಸೆನ್ಸು, ಕೋಟಾ, ಪರವಾನಗಿ. ಆಮದು ಲೈಸೆನ್ಸ್ ಸಿಕ್ಕವನು ಅದನ್ನು ಮುಂಬೈ ಪೇಟೆಯಲ್ಲಿ ಹೆಚ್ಚಿನ ಬೆಲೆಗೆ ಮಾರಿಕೊಳ್ಳಬಹುದಾಗಿತ್ತು. ಆ ಹೆಚ್ಚಿನ ಬೆಲೆಯೇ ಡಾಲರಿನ ನಿಜ ದರ. ಕಾಗದದ ಮೇಲೆ 4.76, ಪೇಟೆಯಲ್ಲಿ ಬೇರೆ. ರಫ್ತುದಾರರಿಗೆ ಸರ್ಕಾರ ಸಬ್ಸಿಡಿ ಕೊಡಬೇಕಾಯಿತು. ಅದೂ ಹೆಸರು ಹೇಳದ ಅಪಮೌಲ್ಯವೇ.

ಈ ಎರಡು ದರಗಳ ನಡುವಿನ ಸಂದಿಯಲ್ಲಿ ಚಿನ್ನ ನುಸುಳಿತು. ಕುವೈತ್, ಬಹರೇನ್, ಕತಾರ್, ದುಬೈ, ಒಮಾನ್‌ಗಳಲ್ಲಿ ಆಗ ಭಾರತದ ರೂಪಾಯಿಯೇ ಚಲಾವಣೆಯಲ್ಲಿತ್ತು ಎಂದರೆ ಇವತ್ತಿನ ಮಕ್ಕಳು ನಂಬುವುದಿಲ್ಲ. ದುಬೈಯಲ್ಲಿ ಅಗ್ಗಕ್ಕೆ ಕೊಂಡ ಚಿನ್ನ ಹಾಯಿಹಡಗುಗಳಲ್ಲಿ ಮುಂಬೈ ಮತ್ತು ಕೊಂಕಣ ತೀರಕ್ಕೆ ಬರುತ್ತಿತ್ತು, ಬೆಲೆಯನ್ನು ರೂಪಾಯಿ ನೋಟಿನಲ್ಲಿ ಕೊಟ್ಟರಾಯಿತು. ಆ ನೋಟುಗಳು ಕೊಲ್ಲಿಯ ಬ್ಯಾಂಕುಗಳ ಮೂಲಕ ರಿಸರ್ವ್ ಬ್ಯಾಂಕಿಗೆ ಮರಳಿದಾಗ ಅವಕ್ಕೆ ಪೌಂಡು ಕೊಡಬೇಕಿತ್ತು. ಕಳ್ಳಚಿನ್ನದ ಬಿಲ್ಲನ್ನು ದೇಶದ ಬೊಕ್ಕಸವೇ ಪೌಂಡಿನಲ್ಲಿ ತುಂಬಿದಂತಾಯಿತು. ಇದನ್ನು ತಡೆಯಲು 1959ರಲ್ಲಿ ರಿಸರ್ವ್ ಬ್ಯಾಂಕ್ ಕೊಲ್ಲಿ ನಾಡುಗಳಿಗೆಂದೇ ಬೇರೆ ಬಣ್ಣದ ನೋಟು ಅಚ್ಚು ಹಾಕಿತು. ಅವು ಭಾರತದೊಳಗೆ ನಡೆಯುತ್ತಿರಲಿಲ್ಲ.

1965 ಎಲ್ಲವನ್ನೂ ಒಟ್ಟಿಗೆ ತಂದಿತು. ಪಾಕಿಸ್ತಾನದೊಡನೆ ಯುದ್ಧವಾಯಿತು, ಅಮೆರಿಕ ನೆರವು ನಿಲ್ಲಿಸಿತು, ಮಳೆ ಕೈಕೊಟ್ಟಿತು. ಆಹಾರ ಧಾನ್ಯದ ಇಳುವರಿ ಒಂದೇ ವರ್ಷದಲ್ಲಿ ಸುಮಾರು 89 ದಶಲಕ್ಷ ಟನ್ನಿನಿಂದ 72ಕ್ಕೆ ಕುಸಿಯಿತು. ಗೋಧಿ ಅಮೆರಿಕದಿಂದ ಬರಬೇಕು, ನೆರವು ಬೇಕೆಂದರೆ ದರ ಸರಿಮಾಡಿ ಎಂದು ವಿಶ್ವಬ್ಯಾಂಕ್ ಮತ್ತು ಐಎಂಎಫ್ (ಅಂತರರಾಷ್ಟ್ರೀಯ ಹಣಕಾಸು ನಿಧಿ) ಒತ್ತಾಯಿಸಿದವು. ಪ್ರಧಾನಿಯಾಗಿ ಇನ್ನೂ ಆರು ತಿಂಗಳೂ ತುಂಬದ ಇಂದಿರಾ ಗಾಂಧಿ ಮತ್ತು ಹಣಕಾಸು ಮಂತ್ರಿ ಸಚೀಂದ್ರ ಚೌಧುರಿ 1966ರ ಜೂನ್ 6ರಂದು ಡಾಲರಿನ ದರವನ್ನು 4.76ರಿಂದ 7.50ಕ್ಕೆ ಏರಿಸಿದರು.

ಒಂದು ಕಡೆ ಶೇ. 36.5 ಎಂದೂ ಇನ್ನೊಂದು ಕಡೆ ಶೇ. 57.5 ಎಂದೂ ಓದಿ ಯಾವುದು ಸರಿ ಎಂದು ಕೇಳುವವರಿದ್ದಾರೆ. ಎರಡೂ ಸರಿ. ಡಾಲರ್ ಕೊಳ್ಳುವವನು 4.76 ಕೊಡುತ್ತಿದ್ದಲ್ಲಿ 7.50 ಕೊಡಬೇಕು, ಅವನಿಗೆ ಶೇ. 57.5 ಏರಿಕೆ. ರೂಪಾಯಿ ಹಿಡಿದ ವಿದೇಶಿಯನ ಕಡೆಯಿಂದ ನೋಡಿದರೆ ಅದರ ಬೆಲೆ ಸುಮಾರು 21 ಸೆಂಟಿನಿಂದ 13.3 ಸೆಂಟಿಗೆ ಬಂತು, ಇಳಿಕೆ ಶೇ. 36.5. ಸುದ್ದಿಯಲ್ಲಿ ಶೇಕಡಾವಾರು ಕಂಡಾಗ ಯಾವ ತುದಿಯಿಂದ ಅಳೆದದ್ದು ಎಂದು ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು.

ಫಲ ಸಿಕ್ಕಿತೇ? ಬೇಗ ಸಿಗಲಿಲ್ಲ. 1966ರಲ್ಲೂ ಬರ ಬಂತು, ಬೆಲೆಗಳು ಏರಿದವು, ಜನ ಅದನ್ನೆಲ್ಲ ಅಪಮೌಲ್ಯದ ಲೆಕ್ಕಕ್ಕೆ ಬರೆದರು. ನಮ್ಮ ಮುಖ್ಯ ರಫ್ತು ಚಹಾ ಮತ್ತು ಸೆಣಬು. ಬೆಲೆ ಇಳಿಸಿದ ಮಾತ್ರಕ್ಕೆ ಜಗತ್ತು ಎರಡು ಕಪ್ ಹೆಚ್ಚು ಚಹಾ ಕುಡಿಯುವುದಿಲ್ಲವಲ್ಲ. ಮೇಲಾಗಿ ರೂಪಾಯಿಯ ದರ ಇಳಿಸಿದ ದಿನವೇ ರಫ್ತು ಸಬ್ಸಿಡಿಗಳನ್ನು ಕಿತ್ತುಹಾಕಿದ್ದರಿಂದ ರಫ್ತುದಾರನ ಕೈಗೆ ಬಂದ ನಿಜವಾದ ಹೆಚ್ಚಳ ಶೇ. 57ರ ಹತ್ತಿರವೂ ಇರಲಿಲ್ಲ. ನಿರೀಕ್ಷಿಸಿದ ನೆರವೂ ಪೂರ್ತಿಯಾಗಿ, ಬಹುಕಾಲ ಬರಲಿಲ್ಲ. ಅಪಮೌಲ್ಯ ಎಂಬ ಹೆಸರೇ ರಾಜಕಾರಣಿಗಳಿಗೆ ಮುಂದಿನ ಇಪ್ಪತ್ತೈದು ವರ್ಷ ಅಂಜಿಕೆ ಹುಟ್ಟಿಸಿತು. ಕೊಲ್ಲಿಯ ಕಥೆಯೂ ಅಲ್ಲಿಗೆ ಮುಗಿಯಿತು. ಕುವೈತ್ 1961ರಲ್ಲೇ ಸ್ವಂತ ದಿನಾರ್ ಮಾಡಿಕೊಂಡಿತ್ತು. ಒಂದೇ ರಾತ್ರಿಯಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಬೆಲೆ ಕಳೆದುಕೊಂಡ ನೋಟನ್ನು ಕತಾರ್, ದುಬೈಗಳು ಮತ್ತೆ ನೆಚ್ಚಲಿಲ್ಲ.

1991: ಕೋಟೆಯಿಂದ ಸಹಾರ್‌ಗೆ

1975ರಲ್ಲಿ ಪೌಂಡಿನ ಬಾಲ ಬಿಟ್ಟು ಹಲವು ನಾಣ್ಯಗಳ ಗುಂಪಿಗೆ ರೂಪಾಯಿಯನ್ನು ಕಟ್ಟಲಾಯಿತು. 80ರ ದಶಕದಲ್ಲಿ ರೂಪಾಯಿಯ ದರ ಸದ್ದಿಲ್ಲದೆ ಇಳಿಯುತ್ತಿತ್ತು, ವಿದೇಶಿ ಸಾಲ ಸದ್ದಿಲ್ಲದೆ ಬೆಳೆಯುತ್ತಿತ್ತು. 1990ರ ಆಗಸ್ಟಿನಲ್ಲಿ ಇರಾಕ್ ಕುವೈತಿನ ಮೇಲೆ ಬಿದ್ದಿತು. ಕರಾವಳಿಯವರಿಗೆ ಆ ದಿನಗಳು ನೆನಪಿರುತ್ತವೆ. ಜೋರ್ಡಾನಿನ ಅಮ್ಮಾನಿನಿಂದ ಏರ್ ಇಂಡಿಯಾ ವಿಮಾನಗಳು ಕುವೈತಿನಲ್ಲಿ ಸಿಲುಕಿದ್ದ ಒಂದು ಲಕ್ಷಕ್ಕೂ ಹೆಚ್ಚು ಭಾರತೀಯರನ್ನು ಮುಂಬೈಗೆ ತಂದು ಇಳಿಸಿದವು. ಜೀವ ಉಳಿಸಿಕೊಂಡು ಬಂದವರ ಹಿಂದೆ ತಿಂಗಳು ತಿಂಗಳು ಬರುತ್ತಿದ್ದ ಹಣ ನಿಂತಿತು, ಪೆಟ್ರೋಲಿಯಂ ಬೆಲೆ ಹಾರಿತು, ವಿದೇಶಿ ಬ್ಯಾಂಕುಗಳು ಹೊಸ ಸಾಲ ಕೊಡಲು ಹಿಂಜರಿದವು, ಅನಿವಾಸಿಗಳು ಠೇವಣಿ ಹಿಂತೆಗೆದರು. 1991ರ ಬೇಸಿಗೆಗೆ ಉಳಿದದ್ದು ಕೆಲವೇ ವಾರಗಳ ಆಮದಿಗೆ ಸಾಲುವಷ್ಟು ಡಾಲರ್.

ಮೇ ತಿಂಗಳಲ್ಲಿ, ಚಂದ್ರಶೇಖರ್ ಸರ್ಕಾರದ ಕಾಲದಲ್ಲಿ, ವಶಪಡಿಸಿಕೊಂಡಿದ್ದ ಕಳ್ಳಸಾಗಣೆಯ ಚಿನ್ನದಿಂದ 20 ಟನ್ನನ್ನು ಸ್ಟೇಟ್ ಬ್ಯಾಂಕ್ ಮೂಲಕ, ಮರಳಿ ಕೊಳ್ಳುವ ಕರಾರಿನ ಮೇಲೆ, ಸ್ವಿಸ್ ಬ್ಯಾಂಕಿಗೆ ಮಾರಲಾಯಿತು. ಅದು ಸಾಲಲಿಲ್ಲ. ಜುಲೈ 4ರಿಂದ 18ರ ನಡುವೆ ರಿಸರ್ವ್ ಬ್ಯಾಂಕಿನ ಸ್ವಂತ ಚಿನ್ನ 46.91 ಟನ್ ನಾಲ್ಕು ಕಂತುಗಳಲ್ಲಿ ಮುಂಬೈಯ ಸಹಾರ್ ವಿಮಾನ ನಿಲ್ದಾಣದಿಂದ ವಿಮಾನವೇರಿ ಬ್ಯಾಂಕ್ ಆಫ್ ಇಂಗ್ಲೆಂಡಿಗೆ ಹೋಯಿತು. ಆ ಅಡವಿನ ಮೇಲೆ ಬ್ಯಾಂಕ್ ಆಫ್ ಇಂಗ್ಲೆಂಡ್ ಮತ್ತು ಬ್ಯಾಂಕ್ ಆಫ್ ಜಪಾನ್ ಕೊಟ್ಟದ್ದು 405 ದಶಲಕ್ಷ ಡಾಲರ್. ಮನೆಯ ಚಿನ್ನ ಅಡವಿಡುವುದು ನಮ್ಮ ಜನಕ್ಕೆ ಏನೆಂದು ಗೊತ್ತು, ಹಾಗಾಗಿಯೇ ಆ ಸುದ್ದಿ ಅಷ್ಟು ಚುಚ್ಚಿತು. ಸಾಲ ಅದೇ ವರ್ಷ ತೀರಿತು. 2009ರಲ್ಲಿ ರಿಸರ್ವ್ ಬ್ಯಾಂಕ್ ಐಎಂಎಫ್‌ನಿಂದ 200 ಟನ್ ಚಿನ್ನ ಕೊಂಡಿತು, 2024ರಲ್ಲಿ ಇಂಗ್ಲೆಂಡಿನಲ್ಲಿಟ್ಟಿದ್ದ ಚಿನ್ನದಲ್ಲಿ ಸುಮಾರು 100 ಟನ್ ತಿರುಗಿ ತಂದಿತು.

ಅಪಮೌಲ್ಯ ನಡೆದದ್ದು ಈ ಸಾಗಣೆಯ ಹೊಸ್ತಿಲಲ್ಲಿ. ಪಿ. ವಿ. ನರಸಿಂಹರಾವ್ ಪ್ರಧಾನಿ, ಮನಮೋಹನ್ ಸಿಂಗ್ ಹಣಕಾಸು ಮಂತ್ರಿ, ಎಸ್. ವೆಂಕಿಟರಮಣನ್ ಗವರ್ನರ್, ಸಿ. ರಂಗರಾಜನ್ ಡೆಪ್ಯುಟಿ ಗವರ್ನರ್. ಜುಲೈ 1ರಂದು ಸುಮಾರು ಶೇ. 9 ಇಳಿಸಿದರು, ಪೇಟೆಯ ಪ್ರತಿಕ್ರಿಯೆ ನೋಡಿ ಜುಲೈ 3ರಂದು ಮತ್ತೆ ಸುಮಾರು ಶೇ. 11. ಮೊದಲ ಹೆಜ್ಜೆಯ ಗದ್ದಲ ಕಂಡು ನರಸಿಂಹರಾವ್ ಎರಡನೆಯದನ್ನು ತಡೆಯಲು ಬಯಸಿದ್ದರು. ದೆಹಲಿಯಿಂದ ಮುಂಬೈಗೆ ಮಾತು ಮುಟ್ಟುವಷ್ಟರಲ್ಲಿ ರಂಗರಾಜನ್ ಕೆಲಸ ಮುಗಿಸಿದ್ದರು. ಡಾಲರ್ ಸುಮಾರು 21ರಿಂದ 26 ರೂಪಾಯಿಗೆ ಬಂತು. 1966ರಲ್ಲಿ ದರ ಇಳಿಸಿದರೂ ಲೈಸೆನ್ಸ್ ರಾಜ್ಯ ಹಾಗೆಯೇ ಉಳಿದಿತ್ತು. ಈ ಸಲ ಅದೇ ತಿಂಗಳಲ್ಲಿ ಅದನ್ನು ಸಡಿಲಿಸತೊಡಗಿದರು. ಒಂದು ಸೋತು ಇನ್ನೊಂದು ಗೆದ್ದದ್ದರ ದೊಡ್ಡ ಕಾರಣ ಇದೇ ಎಂದು ನಾನು ತಿಳಿಯುತ್ತೇನೆ.

1993ರ ಮಾರ್ಚಿನಿಂದ ದರವನ್ನು ಪೇಟೆಗೆ ಬಿಟ್ಟರು, ಆಗ ಡಾಲರಿಗೆ 31.37ರ ಸುತ್ತ ಇತ್ತು. ಅಲ್ಲಿಂದೀಚೆ ನಡೆದಿರುವುದು ಅಪಮೌಲ್ಯವಲ್ಲ, ಪೇಟೆಯ ಏರಿಳಿತ.

ಈಗಿನ ದರ ಹೇಗೆ ಇಳಿಯುತ್ತದೆ

ಒಂದು ಬನಿಯನ್ ಇಲ್ಲಿ 100 ರೂಪಾಯಿ, ಅಮೆರಿಕದಲ್ಲಿ 2 ಡಾಲರ್, ದರ 50 ಎಂದಿಟ್ಟುಕೊಳ್ಳೋಣ. ಇಲ್ಲಿ ಬೆಲೆಗಳು ವರ್ಷಕ್ಕೆ ಶೇ. 6, ಅಲ್ಲಿ ಶೇ. 2 ಏರುತ್ತವೆ. ಹತ್ತು ವರ್ಷಕ್ಕೆ ಬನಿಯನ್ ಇಲ್ಲಿ 179 ರೂಪಾಯಿ, ಅಲ್ಲಿ 2.44 ಡಾಲರ್. ದರ 50ರಲ್ಲೇ ನಿಂತಿದ್ದರೆ ನಮ್ಮ ಬನಿಯನ್ 3.58 ಡಾಲರಿಗೆ ಬೀಳುತ್ತದೆ, ಯಾರು ಕೊಂಡಾರು? ದರ 73ಕ್ಕೆ ಬಂದರೆ ಮೊದಲಿದ್ದ ಜಾಗದಲ್ಲೇ ಇದ್ದಂತೆ. ರೂಪಾಯಿಯ ದೀರ್ಘಕಾಲದ ಇಳಿತದ ಬಹುಪಾಲು ಇಷ್ಟೇ: ನಮ್ಮ ಹಣದುಬ್ಬರ ಅವರದಕ್ಕಿಂತ ಹೆಚ್ಚಿತ್ತು. ಅದರ ಮೇಲೆ ತೈಲದ ಬೆಲೆ, ವಿದೇಶಿ ಹೂಡಿಕೆದಾರರ ಬರುಹೋಗು, ಅಮೆರಿಕದ ಬಡ್ಡಿದರ ಸೇರಿ ದಿನದಿನದ ಏರಿಳಿತವಾಗುತ್ತದೆ. 2013ರಲ್ಲಿ ಅಮೆರಿಕದ ಕೇಂದ್ರ ಬ್ಯಾಂಕ್ ಹಣ ಸುರಿಯುವುದನ್ನು ತಗ್ಗಿಸುವ ಸೂಚನೆ ಕೊಟ್ಟ ಕೆಲವೇ ತಿಂಗಳಲ್ಲಿ, ಆಗಸ್ಟ್ 28ರಂದು, ಡಾಲರ್ 68ರ ಮೇಲೆ ಹೋಗಿತ್ತು. ಜಪಾನಿನ ಯೆನ್ ಡಾಲರಿಗೆ 140, 150 ಇರುತ್ತದೆ. ಅದರಿಂದ ಜಪಾನ್ ನಮಗಿಂತ ಬಡ ದೇಶವಾಗುವುದಿಲ್ಲ.

ರೂಪಾಯಿ ಏರಿದರೆ ಎಲ್ಲರಿಗೂ ಹಬ್ಬವೂ ಅಲ್ಲ. 2007ರ ಕೊನೆಗೆ ಡಾಲರ್ 40ಕ್ಕಿಂತ ಕೆಳಗಿಳಿದಾಗ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳೂ ತಿರುಪ್ಪೂರಿನ ಬನಿಯನ್ ತಯಾರಕರೂ ಕಷ್ಟ ಹೇಳಿಕೊಂಡರು.

ಹಾಗೆಂದು ಅಗ್ಗದ ರೂಪಾಯಿ ಪುಕ್ಕಟೆಯಲ್ಲ, ಅಂಬೇಡ್ಕರ್ ಹೇಳಿದ ಕೂಲಿಯವನ ತಟ್ಟೆ ಇವತ್ತೂ ಇದೆ. ನಾವು ಬಳಸುವ ಕಚ್ಚಾ ತೈಲದಲ್ಲಿ ಶೇ. 85ಕ್ಕೂ ಹೆಚ್ಚು, ಖಾದ್ಯ ತೈಲದಲ್ಲಿ ಅರ್ಧಕ್ಕೂ ಹೆಚ್ಚು ಹೊರಗಿನಿಂದ ಬರುತ್ತದೆ, ಅಡುಗೆ ಅನಿಲದ ದೊಡ್ಡ ಪಾಲೂ ಹಾಗೆಯೇ. ದಾದರಿನಲ್ಲೋ ಚೆಂಬೂರಿನಲ್ಲೋ ಉಡುಪಿ ಹೋಟೆಲು ನಡೆಸುವ ನಮ್ಮವರು ವಡೆ ಕರಿಯುವ ಎಣ್ಣೆಗೂ ಸಿಲಿಂಡರಿಗೂ ಪರೋಕ್ಷವಾಗಿ ಡಾಲರ್ ಕೊಡುತ್ತಿದ್ದಾರೆ. ಪ್ಲೇಟಿನ ಬೆಲೆ ಹತ್ತು ರೂಪಾಯಿ ಏರಿಸಿದರೆ ಗಿರಾಕಿ ಪಕ್ಕದ ಗಾಡಿಗೆ ಹೋಗುತ್ತಾನೆ, ಏರಿಸದಿದ್ದರೆ ಕೆಲಸದ ಹುಡುಗರ ಸಂಬಳ ಏರುವುದಿಲ್ಲ. ಇತ್ತ ಅದೇ ಮಾಲೀಕರ ತಮ್ಮ ದುಬೈಯಲ್ಲಿದ್ದರೆ ಮನೆಗೆ ಬರುವ ಹಣ ಹಿಗ್ಗುತ್ತದೆ. ದಿರ್‌ಹಮ್ ಡಾಲರಿಗೆ 3.6725ರಂತೆ ಕಟ್ಟಿದ ನಾಣ್ಯ. 2005ರ ಸುಮಾರಿಗೆ ಡಾಲರ್ 44 ಇದ್ದಾಗ ದಿರ್‌ಹಮಿಗೆ 12 ರೂಪಾಯಿ, ಡಾಲರ್ 90 ಆದಾಗ ಇಪ್ಪತ್ತನಾಲ್ಕೂವರೆ. ಒಂದೇ ಮನೆಯಲ್ಲಿ ಅಣ್ಣನಿಗೆ ನಷ್ಟ, ತಮ್ಮನಿಗೆ ಲಾಭ. ವಿದೇಶದಲ್ಲಿರುವ ಭಾರತೀಯರು ಹೀಗೆ ಕಳಿಸುವ ಹಣ ವರ್ಷಕ್ಕೆ 100 ಶತಕೋಟಿ ಡಾಲರಿಗೂ ಹೆಚ್ಚು.

ನೋಟಿನ ಮೇಲೆ ಗವರ್ನರ್ ಸಹಿ ಹಾಕಿ ಕೊಡುವ ವಚನವನ್ನು ಗಮನಿಸಿ ಓದಿದರೆ, ನೂರು ರೂಪಾಯಿ ಕೊಡುತ್ತೇನೆ ಎಂದಷ್ಟೇ ಇದೆ. ಎಷ್ಟು ಡಾಲರ್ ಬಾಳುತ್ತದೆ ಎಂಬ ಮಾತಿಲ್ಲ. ರಿಸರ್ವ್ ಬ್ಯಾಂಕ್ ಇಂಥದ್ದೇ ದರವನ್ನು ಕಾಯುವುದಾಗಿ ಹೇಳುವುದಿಲ್ಲ, ದರ ಒಮ್ಮೆಗೇ ಜಿಗಿಯದಂತೆ ಡಾಲರ್ ಮಾರುತ್ತದೆ, ಕೊಳ್ಳುತ್ತದೆ. ಅದಕ್ಕೆ ಬೇಕಾದ ಮೀಸಲು 2024ರ ಸೆಪ್ಟೆಂಬರಿನಲ್ಲಿ 700 ಶತಕೋಟಿ ಡಾಲರ್ ದಾಟಿತ್ತು. ಆ ಲೆಕ್ಕ ಪ್ರತಿ ಶುಕ್ರವಾರ ಸಂಜೆ ಪ್ರಕಟವಾಗುತ್ತದೆ. ದೇಶ ಕಷ್ಟದಲ್ಲಿದೆಯೇ ಎಂದು ತಿಳಿಯಲು ಡಾಲರಿನ ದರಕ್ಕಿಂತ ಆ ಅಂಕಿಯನ್ನೂ, ಅದು ಎಷ್ಟು ತಿಂಗಳ ಆಮದಿಗೆ ಸಾಕೆಂಬುದನ್ನೂ ನೋಡಿ.

ಮಕ್ಕಳನ್ನು ಅಮೆರಿಕಕ್ಕೆ ಓದಲು ಕಳಿಸುವ ಮನೆಗಳು ಈಗ ಠಾಣೆ, ಮುಲುಂಡ್‌ಗಳ ನಮ್ಮವರಲ್ಲಿ ಬೇಕಾದಷ್ಟಿವೆ, ಅವರಿಗೊಂದು ಮಾತು. 1993ರ 31.37ರಿಂದ 2025ರ 90ಕ್ಕೆ ಬಂದದ್ದನ್ನು ಲೆಕ್ಕ ಹಾಕಿದರೆ ಡಾಲರ್ ಸರಾಸರಿ ವರ್ಷಕ್ಕೆ ಸುಮಾರು ಶೇ. 3.3 ಏರಿದೆ. ಕೆಲವು ವರ್ಷ ಏನೂ ಆಗದೆ, ಕೆಲವು ವರ್ಷ ಒಮ್ಮೆಗೇ. ವರ್ಷಕ್ಕೆ 40,000 ಡಾಲರ್ ಶುಲ್ಕವಿದ್ದರೆ 90ರ ದರದಲ್ಲಿ ಮೊದಲ ವರ್ಷ 36 ಲಕ್ಷ. ಅದೇ ಸರಾಸರಿ ಮುಂದುವರಿದರೆ ನಾಲ್ಕನೇ ವರ್ಷ ಡಾಲರ್ 99ರ ಸುತ್ತ, ಶುಲ್ಕ ಒಂದು ಡಾಲರೂ ಏರದೆ 39 ಲಕ್ಷದ 70 ಸಾವಿರ. ಶಿಕ್ಷಣ ಸಾಲದ ಅರ್ಜಿಯಲ್ಲಿ ನಾಲ್ಕೂ ವರ್ಷಕ್ಕೆ ಇವತ್ತಿನ ದರವನ್ನೇ ಬರೆಯಬೇಡಿ.